ಎರಡನೆಯ ಸಲ ಯಾರೂ ಕೇಳಲಿಲ್ಲ

ನನ್ನ ಸೊಸೆ ಹೋಂಸ್ಟೇ ನಡೆಸುತ್ತಾಳೆ. ನಿನ್ನೆ ಬೆಳಿಗ್ಗೆ ಅಲ್ಲಿಗೆ ಬಂದಿದ್ದ ಪರದೇಶದ ಹೆಂಗಸೊಬ್ಬಳು ಮುಂದಿಟ್ಟ ಕಾಫಿಯನ್ನು ನಯವಾಗಿ ಸರಿಸಿ, ಗಂಡನಿಗೆ “ಪ್ರೆಫಿಯೆರೊ ತೆ” ಅಂದಳು.

“ಅವರಿಗೆ ಟೀ ಬೇಕಂತೆ ಕಣೇ” ಎಂದೆ ನಾನು, ಒಲೆಯ ಹತ್ತಿರದಿಂದಲೇ.

“ಅಯ್ಯೋ ಅತ್ತೆ, ನಿಮ್ಗೆಂಗೆ ಗೊತ್ತಾಯ್ತು?”

ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಶನಿವಾರಸಂತೆ ಕಡೆಯ ನಮ್ಮೂರ ಪಕ್ಕ ಒಂದು ಪುಟ್ಟ ಆಸ್ಪತ್ರೆ, ಅಲ್ಲಿ ಸ್ಪೇನ್ ದೇಶದಿಂದ ಬಂದ ಕ್ರೈಸ್ತ ಸನ್ಯಾಸಿನಿಯೊಬ್ಬರು. ಊರಿಗೆಲ್ಲ ಸಿಸ್ಟರಮ್ಮ. ಅವ್ವನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ಹೋಗಿ ಹೋಗಿ ನನಗೆ ಆ ಜಾಗದ ಗೀಳು ಹತ್ತಿತು. ಪಟ್ಟಿ ಒಗೆದು ಸುತ್ತಿಡುತ್ತಿದ್ದೆ, ಬಾಣಂತಿಯರಿಗೆ ನೀರು ಕಾಯಿಸುತ್ತಿದ್ದೆ. ಸಿಸ್ಟರಮ್ಮನ ಕನ್ನಡವನ್ನು ನಾನು ತಿದ್ದಿದರೆ ಅವರು ನನಗೆ ತಮ್ಮ ಭಾಷೆ ಕಲಿಸುವರು. ಮೆ ಗುಸ್ತಾ ಎಂದರೆ ನನಗಿಷ್ಟ. ಪ್ರೆಫಿಯೆರೊ ಎಂದರೆ ಅದಕ್ಕಿಂತ ನನಗೆ ಇದೇ ಇರಲಿ. ಒಂದು ಕೈಯಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ಯಾವುದು ಬೇಕು ಎಂದು ಕೇಳುವರು.

“ಯಾವ್ದಾದ್ರೂ ಆಯ್ತದೆ ಸಿಸ್ಟರಮ್ಮ.”

“ಯಾವುದಾದರೂ ಎಂಬ ಹಣ್ಣು ನನ್ನ ಬಳಿ ಇಲ್ಲ!”

ನಾನಾದರೂ ಏನು ಮಾಡಲಿ? ನಮ್ಮ ಕಡೆ ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು. ಮತ್ತೆ ಕೇಳಿದರೂ ಬೇಡ. ಮೂರನೆಯ ಸಲ ಬಲವಂತ ಮಾಡಿದರೆ, ಅವರಿಗಾಗಿ ಎಂಬಂತೆ ತಟ್ಟೆ ಚಾಚಬೇಕು. ಸಿಸ್ಟರಮ್ಮ ಒಮ್ಮೆ ಮನೆಗೆ ಬಂದಾಗ ಅವ್ವ ಕಡುಬು ಬೇಕೇ ಅಂದದ್ದೇ ತಡ, “ಬೇಕು, ಎರಡು” ಎಂದುಬಿಟ್ಟರು. ಅಜ್ಜಿ ನನ್ನ ಕಿವಿಯಲ್ಲಿ, “ಪಾಪ, ಎಷ್ಟು ದಿನದಿಂದ ಉಂಡಿಲ್ವೋ!” ಅಂದಳು.

ಅದೇ ಸಿಸ್ಟರಮ್ಮ ಮತ್ತೊಂದು ದಿನ ಬಂದದ್ದು ನನ್ನನ್ನು ಕೇಳಲು. ಮಂಗಳೂರಿನಲ್ಲಿ ನರ್ಸ್ ಕೆಲಸ ಕಲಿಸುತ್ತಾರೆ, ಕಳಿಸಿಕೊಡಿ ಎಂದರು. ಅಪ್ಪಯ್ಯ ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತಿದ್ದು, “ಅವಳ್ನೇ ಕೇಳಿ” ಎಂದರು. ಅಂಥ ಮಾತು ಆ ಜಗಲಿಯಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ.

ಸಿಸ್ಟರಮ್ಮ ನನ್ನ ಕಡೆ ತಿರುಗಿದರು. “ನಿನಗೆ ಬೇಕೇ?”

“ಬ್ಯಾಡ” ಅಂದೆ.

ಅಂದು, ಕಾದೆ. ಇನ್ನೊಮ್ಮೆ ಕೇಳುತ್ತಾರೆ, ಆಮೇಲೆ ಮತ್ತೊಮ್ಮೆ. ಅವರು ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ, “ಸರಿ ಮಗು, ನಿನ್ನ ಮಾತಿಗೆ ಬೆಲೆ ಕೊಡಬೇಕು” ಎಂದು ಎದ್ದರು. ಅಪ್ಪಯ್ಯ ಅಡಿಕೆ ಬಾಯಿಗೆ ಹಾಕಿಕೊಂಡರು. ಸಿಸ್ಟರಮ್ಮ ತೋಟದ ಬೇಲಿ ದಾಟುವವರೆಗೂ ಪ್ರೆಫಿಯೆರೊ ಎಂಬುದು ನನ್ನ ನಾಲಿಗೆಯ ಮೇಲೇ ಇತ್ತು. ಕೂಗಿದ್ದರೂ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆ ವರ್ಷವೇ ಮದುವೆಯಾಯಿತು. ಶಿವನ ದಯೆ, ಗಂಡ ಕುಡಿಯಲಿಲ್ಲ, ಹೊಡೆಯಲಿಲ್ಲ. ಹೆತ್ತ ಮಕ್ಕಳು ಉಳಿದರು. ಒಲೆ ಒಂದು ದಿನವೂ ತಣ್ಣಗಿರಲಿಲ್ಲ. ದೂರು ಹೇಳಲು ಬಾಯಿಲ್ಲ ನನಗೆ. ಆದರೂ ಯಾರಾದರೂ ಬಸುರಿ ನೋವು ತಿನ್ನುವಾಗ ನನ್ನ ಕೈ ತಾನೇ ಬಿಸಿನೀರಿನ ಹಂಡೆಯ ಕಡೆ ಹೋಗುತ್ತದೆ.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತೆ. ದಿನವೂ ಮಕ್ಕಳು, ಮೊಮ್ಮಕ್ಕಳು, ಕೊಟ್ಟಿಗೆಯ ದನ, ಎಲ್ಲರನ್ನೂ ಕಾಪಾಡಪ್ಪ ಅನ್ನುತ್ತೇನೆ. ಇವತ್ತು ನನಗೆಂದೇ ಒಂದನ್ನು ಕೇಳಿಬಿಡೋಣ ಎಂದು ಬಾಯಿ ತೆರೆದೆ. ನಾಚಿಕೆಯೇನೂ ಆಗಲಿಲ್ಲ. ಒಳಗೆಲ್ಲ ತಡಕಿದೆ, ಬೇಕು ಎನ್ನುವಂಥದ್ದು ಒಂದೂ ಸಿಗಲಿಲ್ಲ. ಶಿವ ಕಾದ. ಎಷ್ಟು ಹೊತ್ತೋ ಕಾದ. ಕೊನೆಗೆ ಕೈ ಸೋತು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ.