ನೀರಿಗೆ ಬಾಗಿಲು

ಈಗಲೂ ನೀರಿನ ಟ್ಯಾಂಕರ್ ಬಂದು ನಮ್ಮ ಕಟ್ಟಡದ ಬುಡದ ತೊಟ್ಟಿಗೆ ಪೈಪು ಇಳಿಸಿತೆಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಮೊದಲು ಖಾಲಿ ತೊಟ್ಟಿಯ ತಳಕ್ಕೆ ನೀರು ಬಡಿಯುವ ಧಡಧಡ, ಆಮೇಲೆ ನೀರಿನ ಮೇಲೆ ನೀರು ಬೀಳುವ ದಪ್ಪ ಸದ್ದು, ಕೊನೆಗೆ ಬಾಯಿಯವರೆಗೆ ತುಂಬಿ ಬರುವಾಗಿನ ಗುಳುಗುಳು. ಮಸ್ಕತ್ತಿನ ಅಲ್ ಖೌದ್‌ನ ಈ ಫ್ಲ್ಯಾಟಿನಲ್ಲಿ ನನ್ನ ಹೆಂಡತಿಗೆ ಇದೊಂದು ತಮಾಷೆ. ಟ್ಯಾಂಕರ್ ಬಂತು, ಇನ್ನು ಇವರನ್ನು ಕರೆದು ಪ್ರಯೋಜನವಿಲ್ಲ ಅನ್ನುತ್ತಾಳೆ. ಎಂಥ ಮಾಡುವುದು ಮಾರಾಯ್ರೆ, ಫ್ರಾನ್ಸಿನ ಕಾಲುವೆಗಳಲ್ಲಿ ದೋಣಿ ಮೇಲೇರುವಾಗ ಕೇಳುವ ಸದ್ದು ಥೇಟ್ ಇದೇ ಎಂದು ನನ್ನ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಹೇಳಿದ್ದರು. ಫ್ರಾನ್ಸನ್ನು ನಾನು ನೋಡಿಲ್ಲ. ನೋಡುವ ಆಸೆಯೂ ಇಲ್ಲ.

ನಾನು ಚಿಕ್ಕವನಿದ್ದಾಗ ನಾವು ಇದೇ ಮಸ್ಕತ್ತಿನ ಹಮ್ರಿಯಾದಲ್ಲಿದ್ದೆವು. ಎರಡು ಕೋಣೆಯ ಮನೆ, ಕೆಳಗೆ ಹಂಝಾಕನ ಬಟ್ಟೆ ಅಂಗಡಿ, ಮೆಟ್ಟಿಲಿನುದ್ದಕ್ಕೂ ಒಣಮೀನಿನ ಮತ್ತು ಲೋಬಾನದ ಹೊಗೆಯ ಬೆರಕೆ ವಾಸನೆ. ಉಳ್ಳಾಲದಿಂದ ಬಂದ ಉಪ್ಪ ಒಬ್ಬ ಫ್ರೆಂಚ್ ಎಂಜಿನಿಯರರ ಮನೆಯಲ್ಲಿ ಅಡುಗೆಯವರು. ಆ ಸಾಹೇಬರಿಗೂ ಮೇಡಂಗೂ ತಮ್ಮ ದೇಶದಲ್ಲಿ ಸ್ವಂತದ್ದೊಂದು ಉದ್ದನೆಯ ದೋಣಿ ಇತ್ತು, ಒಳಗೇ ಮಲಗುವ ಕೋಣೆ, ಅಡುಗೆಮನೆ ಎಲ್ಲ ಇದ್ದದ್ದು. ಮಸ್ಕತ್ತಿನ ಬಿಸಿಲು ತಡೆಯಲಾಗದ ತಿಂಗಳುಗಳಲ್ಲಿ ಅವರು ಹೋಗಿ ಆ ದೋಣಿಯಲ್ಲೇ ಇರುತ್ತಿದ್ದರು. ಉಪ್ಪನನ್ನೂ ಜೊತೆಗೆ ಒಯ್ಯುತ್ತಿದ್ದರು. ಅಡುಗೆ ಮಾಡಬೇಕು, ಕಾಲುವೆಯ ನೀರಿಗೆ ಇಟ್ಟ ಬಾಗಿಲು ಬಂದಲ್ಲಿ ಹಗ್ಗ ಹಿಡಿಯಬೇಕು, ಅಷ್ಟೇ ಕೆಲಸ. ಹಿಂದೆ ಬರುವಾಗ ಉಪ್ಪನ ಅಂಗಿಗಳಿಗೆ ಡೀಸೆಲ್ಲಿನದೂ ಹಸಿ ಪಾಚಿಯದೂ ಒಂದು ತಂಪು ವಾಸನೆ ಇರುತ್ತಿತ್ತು. ಉಮ್ಮ ಅವನ್ನು ಒಗೆಯುವ ಮೊದಲು ನಾನು ಮೂಗಿಗೆ ಹಿಡಿದು ಕೂರುತ್ತಿದ್ದೆ.

ಆ ವರ್ಷ ಊರಿನಿಂದ ನನ್ನ ಅಜ್ಜಿ, ಉಪ್ಪನ ಉಮ್ಮ, ವಿಸಿಟ್ ವೀಸಾದಲ್ಲಿ ಬಂದಿದ್ದರು. ದಪ್ಪ ಹೆಂಗಸು, ಬಾಯಿ ಅದಕ್ಕಿಂತ ದಪ್ಪ. ನೇತ್ರಾವತಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರ ಹೆಂಡತಿಯಾಗಿ ಬಾಳಿದ ಅವರಿಗೆ ದೋಣಿಯ ವಿಷಯದಲ್ಲಿ ಯಾರೂ ಪಾಠ ಹೇಳುವಂತಿರಲಿಲ್ಲ. ಉಪ್ಪ ಬಚ್ಚಲಿನ ಬಕೆಟ್ಟಿನಲ್ಲಿ ಸೋಪಿನ ಡಬ್ಬಿ ತೇಲಿಬಿಟ್ಟು ತೋರಿಸಿದರು: ಕಾಲುವೆ ಗುಡ್ಡ ಹತ್ತಬೇಕಾದಲ್ಲಿ ನೀರಿಗೆ ಎರಡು ಬಾಗಿಲು ಇಟ್ಟಿರುತ್ತಾರೆ, ದೋಣಿಯನ್ನು ನಡುವೆ ನಿಲ್ಲಿಸಿ ನೀರು ತುಂಬಿಸಿದರೆ ದೋಣಿ ತಾನಾಗಿ ಮೇಲೆ ಬರುತ್ತದೆ, ಇಳಿಯುವಾಗ ನೀರನ್ನು ಬಿಟ್ಟು ಇಳಿಸುತ್ತಾರೆ. ಇಳಿಯುವಾಗ ಹಗ್ಗಕ್ಕೆ ಗಂಟು ಹಾಕಲೇಬಾರದು, ಹಾಕಿದರೆ ದೋಣಿ ಗೋಡೆಗೆ ನೇತಾಡುತ್ತದೆ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗಬೇಕು. ಅಷ್ಟರವರೆಗೆ ಅಜ್ಜಿ ಒಪ್ಪಿದರು. ಒಂದು ಕಡೆ ಸೇತುವೆ ಕಟ್ಟಿ ಅದರ ಮೇಲೆಯೇ ಕಾಲುವೆ ಹರಿಸಿದ್ದಾರೆ, ಕೆಳಗೆ ಹೊಳೆ, ಮೇಲೆ ನಮ್ಮ ದೋಣಿ ಎಂದಾಗ ಮಾತ್ರ, ಸುಳ್ಳಿಗೂ ಒಂದು ಮಿತಿ ಬೇಕು ಎಂದು ಎದ್ದು ಹೋದರು.

ಅಜ್ಜಿಗೆ ಇದ್ದದ್ದು ಉಪ್ಪ ಒಬ್ಬರೇ ಮಗ. ನಮ್ಮಲ್ಲಿ ಹೆಂಗಸು ತೀರಿಕೊಂಡರೆ ಮಯ್ಯತ್ತನ್ನು, ಅಂದರೆ ಹೆಣವನ್ನು, ಖಬರಿನ ಗುಂಡಿಗೆ ಇಳಿಸಲು ಅವಳ ಸ್ವಂತ ರಕ್ತದ ಗಂಡಸು ಬೇಕು. ಮಗನೋ ತಮ್ಮನೋ ಮೊಮ್ಮಗನೋ. ಅಜ್ಜಿ ಆ ಮಾತನ್ನೂ ತಮಾಷೆಗೆ ಎಳೆಯುತ್ತಿದ್ದರು. ಕಡ್ಡಿಯಂತಿದ್ದ ಉಪ್ಪನ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿ, "ತಿನ್ನು ಮಗಾ, ನನ್ನನ್ನು ಇಳಿಸುವಾಗ ನಿನ್ನ ಸೊಂಟ ಉಳುಕಿದರೆ ನಾನು ಎದ್ದು ಬಂದು ಎಣ್ಣೆ ತಿಕ್ಕಲಿಕ್ಕಿಲ್ಲ" ಅನ್ನುತ್ತಿದ್ದರು. ಉಪ್ಪ ನಗುತ್ತಿದ್ದರು. ಬೇಸಿಗೆಯಲ್ಲಿ ಫ್ರಾನ್ಸಿಗೆ ಹೊರಡುವಾಗ ಅಜ್ಜಿಗೆ, ವೀಸಾ ಮುಂದುವರಿಸಿದ್ದೇನೆ, ನಾನು ಬಂದ ಮೇಲೆಯೇ ಊರಿಗೆ ಹೋದರಾಯಿತು ಎಂದು ಹೇಳಿ ಹೋದರು. ಬೇಡ ಅನ್ನಬೇಕಿತ್ತು ಅಂತ ಉಮ್ಮ ಬದುಕಿರುವವರೆಗೆ ಹೇಳುತ್ತಲೇ ಇದ್ದರು.

ಅಜ್ಜಿ ಒಂದು ಬೆಳಗ್ಗೆ ಸುಬಹಿ ನಮಾಜಿನ ಚಾಪೆಯ ಮೇಲೆಯೇ ಒರಗಿದರು, ಮತ್ತೆ ಏಳಲಿಲ್ಲ. ಜ್ವರವಿಲ್ಲ, ನೋವು ಅಂದದ್ದಿಲ್ಲ. ಡಾಕ್ಟರು, ಕಾಗದಪತ್ರ, ಎಲ್ಲವನ್ನೂ ಹಂಝಾಕ ಅಂಗಡಿ ಮುಚ್ಚಿ ಓಡಾಡಿ ಮಾಡಿಸಿದರು. ಸಾಹೇಬರ ಮೊಬೈಲು ಬಂದ್ ಆಗಿತ್ತು. ಫೋನ್ ಸಿಕ್ಕಿದ್ದು ಇಲ್ಲಿ ಬಿಸಿಲು ನೆತ್ತಿಗೆ ಬಂದ ಮೇಲೆ. ಫ್ರಾನ್ಸಿನಲ್ಲಿ ಆಮೇಲೆ ನಡೆದದ್ದನ್ನು ಉಪ್ಪ ನನಗೆ ಒಂದೇ ಒಂದು ಸಲ ಹೇಳಿದ್ದಾರೆ. ದೋಣಿ ಆಗ ಹೊಲಗಳ ನಡುವೆ ಇತ್ತು. ರೈಲು ಸಿಗುವ ಪೇಟೆ ಎರಡು ಬಾಗಿಲು ದಾಟಿ. ಸಾಹೇಬರು ಪಾಪ, ಎಂಜಿನ್ನನ್ನು ಎಷ್ಟು ಓಡಿಸಿದರೂ ಆ ದೋಣಿ ಮನುಷ್ಯ ನಡೆದಷ್ಟೇ ಹೋಗುವುದು. ತಡೆಯಲಾರದೆ ಉಪ್ಪ ದಡಕ್ಕೆ ಹಾರಿ, ಮರಗಳ ಸಾಲಿನ ಕೆಳಗಿನ ದಾರಿಯಲ್ಲಿ ಓಡಿದರು. ಓಡಿ ಬಾಗಿಲಿನ ಹತ್ತಿರ ಮುಟ್ಟಿದ ಮೇಲೆ ನೆನಪಾಯಿತು, ಪಾಸ್‌ಪೋರ್ಟು ದೋಣಿಯಲ್ಲಿ. ತಿರುಗಿ ನೋಡಿದರೆ ದೋಣಿ ದೂರದಲ್ಲಿ, ಅಲ್ಲಾಡದೆ ನಿಂತ ಹಾಗೆ ಬರುತ್ತಿತ್ತು. ಅದು ಬಂದು ಮುಟ್ಟುವಾಗ ಬಾಗಿಲು ಕಾಯುವವರು ಊಟಕ್ಕೆ ಬೀಗ ಹಾಕಿ ಹೋಗಿದ್ದರು. ಅಲ್ಲಿ ಅದು ದಿನದ ಕ್ರಮ, ಯಾರ ತಪ್ಪೂ ಅಲ್ಲ. ಇನ್ನು ಓಡಿದರೂ ಆ ಹೊತ್ತಿನ ರೈಲು ಸಿಗುವಂತಿರಲಿಲ್ಲ. ಕಿಟಕಿಯಲ್ಲಿ ಹೂವಿನ ಕುಂಡಗಳಿದ್ದ ಆ ಬಾಗಿಲು ಕಾಯುವವರ ಮನೆಯ ಕಟ್ಟೆಯ ಮೇಲೆ ಉಪ್ಪ ಕೂತರು.

ಇಲ್ಲಿ ನಮ್ಮ ಮನೆಯಲ್ಲಿ ಸೇರಿದ್ದ ಊರ ಕಡೆಯ ಹಿರಿಯರು ಗಡಿಯಾರ ನೋಡುತ್ತಿದ್ದರು. ಮಯ್ಯತ್ತನ್ನು ಕಾಯಿಸಬಾರದು, ಅದೂ ಆ ಸೆಕೆಯಲ್ಲಿ. ನಾಳೆ ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಇಡೋಣ, ಮಗ ಬರಲಿ ಎಂದು ಹಂಝಾಕ ಒಬ್ಬರೇ ವಾದಿಸಿದರು. ಉಮ್ಮ ಒಳಗೆ ಅಳುತ್ತಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಕೊನೆಗೆ ಹಂಝಾಕ ಮತ್ತೆ ಫೋನ್ ಮಾಡಿ, ನನ್ನನ್ನು ಹತ್ತಿರ ಕರೆದು, ಫೋನನ್ನು ನನಗೂ ಕೇಳುವ ಹಾಗೆ ಹಿಡಿದರು. ಉಪ್ಪನ ಧ್ವನಿ ತೀರಾ ಸಣ್ಣದಾಗಿತ್ತು.

"ಬಾಗಿಲು ಮುಚ್ಚಿದ್ದಾರೆ ಹಂಝಾಕ. ಉಮ್ಮನನ್ನು ಕಾಯಿಸಬೇಡಿ. ನನ್ನ ಮಗ ಇಳಿಯಲಿ."

ನನಗೆ ಇನ್ನೂ ಮೀಸೆಯ ಗುರುತೂ ಇರಲಿಲ್ಲ. ಇಳಿಹೊತ್ತಿನ ಅಸರಿನ ನಮಾಜು ಮುಗಿಸಿ ಬೆಟ್ಟಗಳ ಮಗ್ಗುಲಿನ ಆ ಕಲ್ಲುನೆಲದ ಖಬರಸ್ತಾನಕ್ಕೆ ಹೋದೆವು. ಯಾರೋ ನನ್ನ ಎರಡೂ ರಟ್ಟೆ ಹಿಡಿದು ಗುಂಡಿಗೆ ಇಳಿಸಿದರು. ಮೇಲೆ ನಾಲ್ಕೂ ಕಡೆಯಿಂದ ಬಟ್ಟೆ ಅಡ್ಡ ಹಿಡಿದಾಗ ಆಕಾಶ ಹೋಗಿ ಹಸಿರು ಬೆಳಕು ಮಾತ್ರ ಉಳಿಯಿತು. ನೀನು ತಲೆಯ ಕಡೆ ಹಿಡಿ, ಭುಜದ ಕೆಳಗೆ ಕೈ ಕೊಡು ಎಂದು ಸಹಾಯಕ್ಕೆ ಜೊತೆಗೆ ಇಳಿದಿದ್ದ ಮುದುಕರೊಬ್ಬರು ಹೇಳಿದರು. ಅಜ್ಜಿ ನನ್ನ ತೋಳಿಗೆ ಬಂದರು. ಮಾರಾಯ್ರೆ, ಆ ಭಾರವನ್ನು ನಾನು ಹೇಗೆ ಹೇಳಲಿ. ಬೆನ್ನು ಮಣ್ಣಿನ ಗೋಡೆಗೆ ತಾಗಿ, ಬಿದ್ದೇ ಹೋಗುತ್ತೇನೆ ಅನ್ನಿಸಿತು. ಕೈಬಿಟ್ಟರೆ ಅಜ್ಜಿಗೆ ಪೆಟ್ಟಾಗುತ್ತದೆ ಎಂಬ ಹೆದರಿಕೆಗೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಬಲ ಮಗ್ಗುಲಿಗೆ ತಿರುಗಿಸಿ ಮಲಗಿಸಿದ ಮೇಲೆ, ಇನ್ನು ಕಫನ್ ಬಟ್ಟೆಯ ಗಂಟು ಬಿಚ್ಚು ಅಂದರು. ಗಂಟು ಸಡಿಲವಾಗಿಯೇ ಇತ್ತು, ಎಳೆದ ಕೂಡಲೇ ಬಂತು.

ಉಪ್ಪ ಮರುದಿನ ಸಂಜೆ ಬಂದರು. ಮನೆಗೂ ಹೋಗದೆ, ಏರ್‌ಪೋರ್ಟಿನಿಂದ ನೇರ ಹಂಝಾಕನ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಖಬರಸ್ತಾನಕ್ಕೆ ಹೋದರು. ಇಲ್ಲಿ ಖಬರಿನ ಮೇಲೆ ಹೆಸರು ಬರೆಯುವ ಪದ್ಧತಿ ಇಲ್ಲ, ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು. ನಾನೇ ಮುಂದೆ ಹೋಗಿ ತೋರಿಸಿದೆ. ಉಪ್ಪ ಕುಕ್ಕರುಗಾಲಲ್ಲಿ ಕೂತು ಮೂರು ಹಿಡಿ ಮಣ್ಣು ಹಾಕಿದರು. ಆ ಅಂಗಿಗೆ ಅದೇ ಪಾಚಿಯ, ಡೀಸೆಲ್ಲಿನ ವಾಸನೆ. ನನ್ನ ಕಡೆ ನೋಡದೆ ಕೇಳಿದರು, "ಭಾರವಿತ್ತಾ ಮಗಾ?"

"ಇಲ್ಲ ಉಪ್ಪ" ಅಂದೆ.

ಅವರು ನನ್ನ ಎರಡೂ ಅಂಗೈಗಳನ್ನು ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು. ಅವರ ಕೈಗಳಲ್ಲಿ ಹಗ್ಗ ಜಾರಿ ಸುಲಿದ ಗೆರೆಗಳಿದ್ದವು. ಮುಂದಿನ ಬೇಸಿಗೆಯಲ್ಲಿ ಸಾಹೇಬರು ಎಷ್ಟು ಕರೆದರೂ ಉಪ್ಪ ಹೋಗಲಿಲ್ಲ. ಸೇತುವೆಯ ಮೇಲೆ ಹರಿಯುವ ಕಾಲುವೆಯ ಕಥೆಯನ್ನು ಮತ್ತೆ ಹೇಳಲೂ ಇಲ್ಲ.

ಹಮ್ರಿಯಾದ ಆ ಕಟ್ಟಡವನ್ನು ಕೆಡವಿದ್ದಾರೆ. ಹಂಝಾಕನೂ ಉಮ್ಮನೂ ಹೋಗಿ ಕಾಲವಾಯಿತು. ಉಪ್ಪ ತೀರಿಕೊಂಡದ್ದು ಉಳ್ಳಾಲದಲ್ಲಿ; ವಿಮಾನ ಸಿಕ್ಕಿತು, ನಾನು ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಸಹಾಯಕ್ಕೆ ಎಷ್ಟೋ ಕೈಗಳಿದ್ದವು, ಆದರೂ ತಲೆಯ ಕಡೆ ನಾನೇ ಹಿಡಿದೆ. ಅಜ್ಜಿ ಅಷ್ಟು ರೊಟ್ಟಿ ತಿನ್ನಿಸಿದ್ದರೂ ಉಪ್ಪ ಕಡ್ಡಿಯಾಗಿಯೇ ಉಳಿದಿದ್ದರು. ಮಳೆನೀರು ಒಸರುತ್ತಿದ್ದ ಆ ಮಣ್ಣಿನಲ್ಲಿ ಅವರನ್ನು ಮಲಗಿಸಿ, ಗಂಟು ಬಿಚ್ಚಿ, ಮೇಲೆ ಹತ್ತಿ ಬಂದು, ಕೈ ಒರೆಸಿಕೊಳ್ಳದೆ ನಿಂತೆ. ಯಾರಾದರೂ ಕೇಳಲಿ ಎಂದು ಕಾದೆ. ಈ ಸಲ ನಿಜವಾಗಿಯೂ ಭಾರವಿರಲಿಲ್ಲ. ಕೇಳುವವರು ಕೆಳಗೆ ಮಲಗಿದ್ದರು.