ಗುರುವಾರದ ಸಂತೆಗೆ ಹೊರಟ ಇದ್ವಾಲ್ ಪ್ಯಾರಿ

ಬಿಳಿಯನೊಬ್ಬ ಇಂಗ್ಲಿಷ್ ಮರೆಯುವುದೆಂದರೇನು! ಸ್ಟ್ರೀಟ್ಸ್‌ವಿಲ್ ಹತ್ತಿರದ ಆ ವೃದ್ಧಾಶ್ರಮದಲ್ಲಿ ಗಂಡನ ಹೆಸರು ಮರೆತವರಿದ್ದರು, ಉಂಡದ್ದನ್ನು ಮರೆತು ಮತ್ತೆ ತಟ್ಟೆ ಬಡಿಯುವವರಿದ್ದರು. ಆದರೆ ಇದ್ವಾಲ್ ಪ್ಯಾರಿ ಎಂಬ ಮುದುಕನದೇ ಒಂದು ತರಹ. ಹರೆಯದಲ್ಲೇ ಕೆನಡಾಕ್ಕೆ ಬಂದು ಮಾಲ್ಟನ್ನಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಪಾರ್ಶ್ವವಾಯು ಬಡಿದ ಮೇಲೆ ಇಂಗ್ಲಿಷನ್ನು ಪೂರ್ತಿ ಕಳೆದುಕೊಂಡು, ತಾಯಿಯಿಂದ ಕಲಿತ ವೆಲ್ಷ್ ನುಡಿಯೊಂದನ್ನೇ ಆಡುತ್ತಿದ್ದ. ಅದು ಬಲ್ಲವರು ಆ ಆಶ್ರಮದಲ್ಲಿ ಒಬ್ಬರೂ ಇರಲಿಲ್ಲ. ಅವನ ಸ್ವಂತ ಮಗ ಆಲನ್‌ಗೂ ಅದು ಬಾರದು.

ಅವನನ್ನು ಮೀಯಿಸಿ, ಉಣಿಸಿ, ಬಟ್ಟೆ ತೊಡಿಸುವ ಕೆಲಸ ಆಶಾಲತಾಳದು. ಬ್ಯಾಡಗಿಯವಳು, ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಬೆಳೆದವಳು. ಅಪ್ಪ ಈಶ್ವರಪ್ಪ ದನದ ಸಂತೆಯ ದಲ್ಲಾಳಿ. ಗಂಡನ ಹಿಂದೆ ಈ ದೇಶಕ್ಕೆ ಬಂದು ಮುದುಕರ ಸೇವೆಗೆ ನಿಂತಾಗ ನೆಂಟರು ಮೂಗು ಮುರಿದಿದ್ದರು. “ನಿಮ್ಮ ಮೂಗು, ನೀವು ಮುರಕೊಳ್ರಿ” ಎಂದು ಇವಳು ಸುಮ್ಮನಾಗಿದ್ದಳು. ಸಂತೆಯ ಗದ್ದಲದಲ್ಲಿ ಹುಟ್ಟಿದವಳಿಗೆ ಬಾಯಿ ಮುಚ್ಚಿ ಕೆಲಸ ಮಾಡುವುದು ಮಾತ್ರ ಆಗುತ್ತಿರಲಿಲ್ಲ. ಮುದುಕನಿಗೆ ಇಂಗ್ಲಿಷ್ ಹೇಗೂ ಹತ್ತುವುದಿಲ್ಲವಲ್ಲ, ತನ್ನ ಕನ್ನಡದಲ್ಲೇ ಮಾತಾಡಿಸತೊಡಗಿದಳು. ಅವನು ವೆಲ್ಷ್‌ನಲ್ಲಿ ಉತ್ತರ ಕೊಡತೊಡಗಿದ. ಒಬ್ಬರದು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರಿಗೂ ಹೊತ್ತು ಹೋಗುತ್ತಿತ್ತು.

ಊಟದ ತಟ್ಟೆ ಬಂದೊಡನೆ ಮುದುಕನಿಗೊಂದು ಆಟ. ಚಮಚವನ್ನು ಅಡ್ಡ ಇಡುವನು, ಉಪ್ಪಿನ ಡಬ್ಬಿಯನ್ನು ನಡುವೆ ನಿಲ್ಲಿಸುವನು, ಬೇಯಿಸಿದ ಬಟಾಣಿಕಾಳುಗಳನ್ನು ಒಂದೊಂದೇ ಸಾಲು ಹಚ್ಚುವನು. ಅನ್ನ ಕೆಡಿಸುತ್ತಾನೆಂದು ಉಳಿದವರು ಗದರುತ್ತಿದ್ದರು. ಮಿಲ್ಟನ್ನಿನಿಂದ ಭಾನುವಾರ ಬರುವ ಆಲನ್ ಒಮ್ಮೆ ಅದನ್ನು ನೋಡಿ ನಕ್ಕ.

“ಇದು ಅಪ್ಪನ ಊರು, ಹ್ಲಂಗೆವ್ನಿ. ಚಮಚ ಅಂದರೆ ಕೆವ್ನಿ ಹೊಳೆ. ಉಪ್ಪಿನ ಡಬ್ಬಿ ಚೌಕದ ಗಡಿಯಾರದ ಗೋಪುರ. ಬಟಾಣಿ ಎಲ್ಲ ದನಗಳು.”

ವೇಲ್ಸ್ ನಾಡಿನ ಅಂಚಿಗೊಂದು ದ್ವೀಪವಂತೆ, ಅಲ್ಲಿಯವರ ಬಾಯಲ್ಲಿ ಅದು ಮೋನ್. ಆ ದ್ವೀಪದ ನಟ್ಟನಡುವೆ ಈ ಸಂತೆಪೇಟೆ. ಗುರುವಾರ ಬಂತೆಂದರೆ ದ್ವೀಪಕ್ಕೆ ದ್ವೀಪವೇ ಅಲ್ಲಿ. ಹಿಂದಿನ ಕಾಲದಲ್ಲಿ ದನಗಳನ್ನು ಬೀದಿಯಲ್ಲೇ ನಿಲ್ಲಿಸಿ ಮಾರುತ್ತಿದ್ದರಂತೆ, ಆಮೇಲೆ ದೊಡ್ಡಿ ಕಟ್ಟಿದರು. ಹೆಂಗಸರು ಬುಟ್ಟಿಯಲ್ಲಿ ಬೆಣ್ಣೆ, ಮೊಟ್ಟೆ ಹೊತ್ತು ತರುವರು. ಬೈಗುಳ, ಚೌಕಾಸಿ, ದೇವರ ಪ್ರಾರ್ಥನೆ ಎಲ್ಲವೂ ವೆಲ್ಷ್. ಇದ್ವಾಲನ ಅಪ್ಪನೂ ದನದ ವ್ಯಾಪಾರಿಯೇ. ಇಷ್ಟು ಕೇಳಿದ್ದೇ ತಡ, ಆಶಾಲತಾಳಿಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು.

“ಈಗ ಏನೂ ಇಲ್ಲ. ರೈಲು ನಿಂತುಹೋಯ್ತು, ದನದ ದೊಡ್ಡಿ ಹೋಯ್ತು, ಆ ಜಾಗದಲ್ಲಿ ಅಂಗಡಿ ಎದ್ದಿದೆ” ಎಂದ ಆಲನ್. “ಮಾತು ಮಾತ್ರ ಉಳಿದಿದೆ. ಅಲ್ಲಿ ಮಕ್ಕಳು ಈಗಲೂ ವೆಲ್ಷ್‌ನಲ್ಲೇ ಜಗಳ ಆಡ್ತಾರಂತೆ. ನಮಗೆ ಅಪ್ಪ ಅಮ್ಮ ಕಲಿಸಲಿಲ್ಲ. ನಮಗೆ ಗೊತ್ತಾಗಬಾರದ ವಿಷಯ ಇದ್ದಾಗ ಅವರಿಬ್ಬರೇ ಅದರಲ್ಲಿ ಮಾತಾಡಿಕೊಳ್ತಿದ್ದರು.”

ಎಡವಟ್ಟಾದದ್ದು ಅದಾದ ಮೂರನೇ ದಿನ. ಮಧ್ಯಾಹ್ನದ ಊಟದಲ್ಲಿ ಮುದುಕ ಎಂದಿನಂತೆ ಊರು ಕಟ್ಟಿದ. ತನ್ನ ಎದೆ ಮುಟ್ಟಿಕೊಂಡ, ಆಶಾಲತಾಳನ್ನು ತೋರಿಸಿದ, ಬಾಗಿಲು ತೋರಿಸಿದ, ಏನೋ ಉದ್ದಕ್ಕೆ ಹೇಳಿ ಅಂಗೈ ಮುಂದೆ ಚಾಚಿದ. ಈ ಕೈ ಚಾಚುವುದನ್ನು ಕಂಡರೆ ಉಳಿದ ಕೆಲಸದವರು ಹಿಂದೆ ಸರಿಯುತ್ತಿದ್ದರು, ಹೊಡೆಯುತ್ತಾನೆಂದು. ಆಶಾಲತಾಳಿಗೆ ಅದು ಕಂಡದ್ದೇ ಬೇರೆ. ಅಪ್ಪ ಎತ್ತಿನ ವ್ಯಾಪಾರ ಕುದುರಿಸುತ್ತಿದ್ದುದೇ ಹೀಗೆ: ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಮಾತಾಡುವುದು, ಕುದುರಿತೆಂದರೆ ಎಲ್ಲರಿಗೂ ಕೇಳುವಂತೆ ಅಂಗೈಗೆ ಅಂಗೈ ಬಡಿಯುವುದು. ಅವಳಿಗೆ ಹುರುಪು ಬಂತು. ಮುದುಕನ ತೊಡೆಯ ಮೇಲಿದ್ದ ಟವೆಲನ್ನು ಇಬ್ಬರ ಕೈಮೇಲೆ ಹೊದಿಸಿ, ಅವನ ಬೆರಳು ಹಿಡಿದು ಜಗ್ಗಿ ನಕ್ಕಳು. ಮುದುಕನೂ ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಟವೆಲು ಸರಿಸಿ ಅವನು ಮತ್ತೆ ಅಂಗೈ ಚಾಚಿದ. ಇವಳು ಪಟ್ಟನೆ ಬಡಿದಳು.

“ಮುಗೀತ್ರಿ ಅಜ್ಜಾರ! ವ್ಯಾಪಾರ ಮುಗೀತು!”

ಯಾವ ವ್ಯಾಪಾರ? ಅದನ್ನು ಕೇಳುವ ಬುದ್ಧಿ ಬರಲಿಲ್ಲ ನಮ್ಮ ದಲ್ಲಾಳಿಯ ಮಗಳಿಗೆ.

ಅಂದಿನಿಂದ ಮುದುಕ ಬೇರೆಯೇ ಮನುಷ್ಯ. ಕರೆದರೆ ಸ್ನಾನಕ್ಕೆ ಏಳುವನು, ತಟ್ಟೆ ಖಾಲಿ ಮಾಡುವನು. ಗುರುವಾರ ಬೆಳಗ್ಗೆ ಕೋಟು ತೊಡಿಸೆಂದು ಸನ್ನೆ ಮಾಡಿ, ಟೋಪಿ ಇಟ್ಟುಕೊಂಡು, ಹೊರಬಾಗಿಲ ಹತ್ತಿರ ಗಾಲಿಕುರ್ಚಿ ನಿಲ್ಲಿಸಿಕೊಂಡು ಕೂತ. ಸಂಜೆಯವರೆಗೂ ಕೂತಿದ್ದ. ಟೋಪಿ ತೆಗೆಯಲು ಹೋದ ಆಶಾಲತಾಳ ಕೈತಟ್ಟಿ, ಇರಲಿ ಬಿಡು, ಮುಂದಿನ ವಾರ ಎಂಬಂತೆ ಸಮಾಧಾನ ಹೇಳಿದ. ಮುಂದಿನ ಗುರುವಾರವೂ ಹಾಗೇ ಕೂತ. ಅದರ ಮುಂದಿನ ಗುರುವಾರ ಊಟ ಮುಟ್ಟಲಿಲ್ಲ, ಶುಕ್ರವಾರವೂ ಮುಟ್ಟಲಿಲ್ಲ. ಕೋಟು ಬಿಚ್ಚಲು ಬಂದವರನ್ನು ತಳ್ಳಿದ.

ಆಲನ್ ಅಪ್ಪನ ಮಾತನ್ನು ಫೋನಿನಲ್ಲಿ ಹಿಡಿದು, ಆ ದ್ವೀಪದಲ್ಲೇ ಇರುವ ದೂರದ ನೆಂಟಳಿಗೆ ಕಳಿಸಿದ. ಅವಳಿಂದ ಉತ್ತರ ಬಂತು: “ದನದ ವ್ಯಾಪಾರದ ರೀತಿ ಬಲ್ಲವಳೊಬ್ಬಳು ಕೈಮೇಲೆ ಕೈ ಹೊಡೆದು ಒಪ್ಪಿದ್ದಾಳೆ, ಗುರುವಾರ ಸಂತೆಗೆ ಊರಿಗೆ ಕರೆದುಕೊಂಡು ಹೋಗ್ತಾಳೆ ಅಂತಿದ್ದಾನೆ. ಆಮೇಲೆ ತಾನು ಅಲ್ಲೇ ಇದ್ದುಬಿಡ್ತಾನಂತೆ.” ಅವಳು ವಿಡಿಯೋದಲ್ಲಿ ಬಂದು ತಿಳಿಹೇಳಲು ನೋಡಿದಳು. ಮುದುಕ ಫೋನನ್ನು ತಿರುಗಿಸಿ ಹಿಂಬದಿ ನೋಡಿ ಪಕ್ಕಕ್ಕಿಟ್ಟ.

ಅಂದು ಕುದುರಿದ್ದು ಯಾವ ವ್ಯಾಪಾರ ಎಂದು ಆಶಾಲತಾಳಿಗೆ ಈಗ ತಿಳಿಯಿತು. ಸುಳ್ಳು ಹೇಳುವುದು ಬೇರೆ, ಕೈ ಬಡಿದು ತಪ್ಪುವುದು ಬೇರೆ. ಹಾಗೆ ತಪ್ಪಿದವನ ಎತ್ತನ್ನು ಬ್ಯಾಡಗಿಯಲ್ಲಿ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಮನೆಗೆ ಹೋಗಿ ಮಗಳು ಮಾನ್ಯಾಳ ಮುಂದೆ ತೋಡಿಕೊಂಡಳು.

“ಮಾಮ್, ಇಟ್ ವಾಸ್ ಜಸ್ಟ್ ಎ ಹೈ ಫೈವ್!” ಎಂದಳು ಮಾನ್ಯಾ.

“ಹೈ ಫೈವ್ ಅಲ್ಲವ್ವ ಅದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಮನಷ್ಯಾ ನನ್ನ ಮ್ಯಾಲೆ ಜೀವಾ ಇಟ್ಟು ಕುಂತಾನ.”

ವಿಮಾನ ಹತ್ತಿಸುವ ಮಾತನ್ನು ಡಾಕ್ಟರು ಕೇಳಲೂ ಸಿದ್ಧರಿರಲಿಲ್ಲ. ಹೃದಯ ಅಷ್ಟು ಸೋತಿತ್ತು. ಆಗ ಉಪಾಯ ಹೂಡಿದವನು ಆಲನ್. “ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟ್ ನೋಡಿ. ಹಳೇ ಇಟ್ಟಿಗೆ ಕಟ್ಟಡ, ಸಣ್ಣ ಅಂಗಡಿಗಳು, ಪಕ್ಕದಲ್ಲೇ ಹೊಳೆ, ಸೇತುವೆ. ಗುರುವಾರ ಅಲ್ಲಿಗೇ ಕರೆದುಕೊಂಡು ಹೋಗೋಣ. ಅಪ್ಪನಿಗೆಲ್ಲಿ ಗೊತ್ತಾಗುತ್ತೆ?”

ದನದ ಸಂತೆಯಲ್ಲಿ ಮುದಿ ಎತ್ತಿಗೆ ಬಣ್ಣ ಬಳಿದು ಹೋರಿ ಎಂದು ಮಾರುವವರನ್ನು ಕಂಡವಳು ಆಶಾಲತಾ. ಇದು ಅದೇ ಕೆಲಸ ಎಂದು ಅವಳಿಗೆ ಗೊತ್ತಿತ್ತು. ಆದರೂ ಹ್ಞೂಂ ಅಂದಳು. ಮುದುಕ ಒಂದು ತುತ್ತು ಉಂಡರೆ ಸಾಕಾಗಿತ್ತು ಅವಳಿಗೆ.

ಕಾರು ಹೊಳೆಯ ಸೇತುವೆ ದಾಟುವಾಗ ಮುದುಕ ಸೆಟೆದು ಕೂತು ಕಿಟಕಿಗೆ ಮುಖ ಹಚ್ಚಿದ. ಆಶಾಲತಾಳ ತೋಳು ಹಿಡಿದು ಏನೇನೋ ಹೇಳಿದ, ಕಣ್ಣಲ್ಲಿ ನೀರು. ದೇವರೇ, ಇದು ಹೀಗೇ ಮುಗಿದುಹೋಗಲಿ ಎಂದುಕೊಂಡಳು ಅವಳು.

ಬೀದಿಗಿಳಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಎದುರು ಬಂದ ಹೆಂಗಸಿಗೆ ಮುದುಕ ಟೋಪಿ ಎತ್ತಿ “ಬೋರೆ ದಾ” ಅಂದ, ಶುಭೋದಯ ಅಂತ. ಅವಳು ನಸುನಕ್ಕು ಮುಂದೆ ಹೋದಳು. ಕಾಫಿ ಹಿಡಿದು ಬಂದ ಹುಡುಗನಿಗೂ “ಬೋರೆ ದಾ” ಅಂದ. ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು “ಸಾರಿ?” ಎಂದ. ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಮುದುಕನಿಗೆ ಉದ್ದದ ಪ್ರಶ್ನೆಯನ್ನೇ ಕೇಳಿದ. ಆ ಮುದುಕ ಆಲನ್‌ನ ಮುಖ ನೋಡಿ ಭುಜ ಕುಣಿಸಿದ. ಇದ್ವಾಲ್ ಪ್ಯಾರಿ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಮೂಗೆತ್ತಿ ಗಾಳಿ ಎಳೆದುಕೊಂಡ. ಸಗಣಿಯ ವಾಸನೆ ಎಲ್ಲಿಂದ ಬರಬೇಕು? ಆಮೇಲೆ ಆಶಾಲತಾಳ ಕಡೆಗೆ ತಿರುಗಿ ಬಹಳ ಹೊತ್ತು ನೋಡಿದ. ಅವಳ ಮುಖದಲ್ಲಿ ಎಲ್ಲ ಬರೆದಿತ್ತು. ಪಾಪ, ಮುಚ್ಚಿಡುವುದು ಅವಳಿಗೆ ಬಾರದು.

“ಟೇಕ್ ಮಿ ಬ್ಯಾಕ್ ಪ್ಲೀಸ್, ಮಿಸ್” ಎಂದ ಮುದುಕ, ಸ್ಪಷ್ಟವಾಗಿ.

ಆಲನ್ ಬೀದಿಯಲ್ಲೇ ಕುಣಿಯುವುದೊಂದು ಬಾಕಿ. ಆಶ್ರಮದಲ್ಲೂ ಅದೇ ಸಂಭ್ರಮ. ಮಿಸ್ಟರ್ ಪ್ಯಾರಿಗೆ ಇಂಗ್ಲಿಷ್ ಮರಳಿದೆ! ಕೋಟು ಬಿಚ್ಚಿಸಿಕೊಂಡ, ಕೊಟ್ಟಷ್ಟು ಉಂಡ, ಕರೆದಲ್ಲಿಗೆ ಬಂದ. ನರ್ಸು ಆಶಾಲತಾಳ ಬೆನ್ನು ತಟ್ಟಿದಳು. ಆದರೆ ಅಂದಿನಿಂದ ತಟ್ಟೆಯ ಬಟಾಣಿ ತಟ್ಟೆಯಲ್ಲೇ ಉಳಿಯಿತು, ವೆಲ್ಷ್‌ನ ಒಂದು ಶಬ್ದವೂ ಅವನ ಬಾಯಿಂದ ಬರಲಿಲ್ಲ.

ಭಾನುವಾರ ಕೇಕು ಹಿಡಿದು ಬಂದ ಆಲನ್ ಅರ್ಧ ಗಂಟೆ ಒಳಗಿದ್ದು ಹೊರಬಂದ. ಮುಖ ಬಿಳಿಚಿತ್ತು.

“ಅಪ್ಪ ನನಗೂ ಥ್ಯಾಂಕ್ ಯೂ ಹೇಳಿದ” ಎಂದ. “ಅಮ್ಮನ ಮೇಲೆ ಸಿಟ್ಟು ಬಂದರೆ ಹೀಗೇ ಮಾಡ್ತಿದ್ದ. ಕೂಗಾಡ್ತಿರಲಿಲ್ಲ, ಅವಳ ಜೊತೆ ವೆಲ್ಷ್ ಬಿಟ್ಟು ಇಂಗ್ಲಿಷ್ ಶುರು ಮಾಡ್ತಿದ್ದ. ಪ್ಲೀಸ್, ಥ್ಯಾಂಕ್ ಯೂ, ಅಷ್ಟೇ. ಅಮ್ಮ ಅಡುಗೆಮನೆಯಲ್ಲಿ ನಿಂತು ಅಳ್ತಿದ್ದಳು. ನಮಗೆ ಮಾತ್ರ ಅದೇ ಹಬ್ಬ, ಅಪ್ಪನ ಮಾತೆಲ್ಲ ಅರ್ಥ ಆಗ್ತಿತ್ತಲ್ಲ.”

ಆಶಾಲತಾ ಸೂಪಿನ ಬಟ್ಟಲು ಹಿಡಿದು ಒಳಗೆ ಹೋದಳು. ಮುದುಕನ ಮುಂದೆ ಮೊಣಕಾಲೂರಿ ಕೂತಳು.

“ಬೈಯ್ರಿ ಅಜ್ಜಾರ. ನಿಮ್ಮ ಮಾತಿನ್ಯಾಗ ಬೈಯ್ರಿ. ಸುಳ್ಳಬುರುಕಿ ಅನ್ರಿ, ಮೋಸಗಾತಿ ಅನ್ರಿ. ನನಗ ತಿಳಿಯಂಗಿಲ್ಲ ಖರೇ, ಆದ್ರೂ ಬೈಯ್ರಿ.”

ಅವಳು ಹಿಡಿದ ಚಮಚದಿಂದ ಮುದುಕ ಸೂಪು ಕುಡಿದ. ಅವಳೇ ತುಟಿ ಒರೆಸುವವರೆಗೂ ಕಾದ.

“ಥ್ಯಾಂಕ್ ಯೂ, ಮಿಸ್” ಎಂದ. “ವೆರಿ ಕೈಂಡ್ ಆಫ್ ಯೂ.”

ಅವನು ಇನ್ನೂ ಒಂದು ಚಳಿಗಾಲ ಬದುಕಿದ್ದ. ಸಾಯುವ ದಿನದವರೆಗೂ ಅವಳೊಡನೆ ಇಂಗ್ಲಿಷ್‌ನಲ್ಲೇ ಮಾತಾಡಿದ.