ವರೋಪಚಾರದ ಸೈಕಲ್ಲು

ನನ್ನ ಮದುವೆಯ ಮಾತು ಒಂದೇ ಸಂಜೆಯಲ್ಲಿ ಮುಗಿದುಹೋಯಿತು. ಸೈಕಲ್ಲಿನ ಮಾತು ಮಾತ್ರ ಲಗ್ನದ ಹಿಂದಿನ ವಾರದವರೆಗೂ ಎಳೆದಾಡಿತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಗಂಡು ಎಂಥವನು, ಸಿಟ್ಟಿನವನೋ, ಸಮಾಧಾನಿಯೋ, ಅವನ ತಾಯಿಯ ಬಾಯಿ ಹೇಗೆ ಎಂದು ನಮ್ಮ ಮನೆಯಲ್ಲಿ ಯಾರೂ ಅಷ್ಟು ಹೊತ್ತು ಕೂತು ಯೋಚಿಸಲಿಲ್ಲ. ಸೈಕಲ್ಲಿನ ಚೈನು ಯಾವುದು ಹಾಕಿಸಬೇಕು ಎಂದು ಮಾತ್ರ ಮೂರು ಹೊತ್ತೂ ಚರ್ಚೆ.

ನಾವು ಶಿಕಾರಿಪುರದವರು. ಅಪ್ಪನದು ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ಅಂಗಡಿ. ಗಂಡಿನ ಮನೆ ಸೊರಬದ ಆಚೆ ಕುಪ್ಪಗಡ್ಡೆಯಲ್ಲಿ. ಗಂಡು ಸೊರಬದ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ದಿನಾ ನಡೆದೇ ಹೋಗಿ ಬರುತ್ತಿದ್ದ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಮದುಮಗನಿಗೆ ವರೋಪಚಾರ ಅಂದರೆ ಉಂಗುರ, ಕೈಗಡಿಯಾರ, ಇಲ್ಲವೇ ಸೈಕಲ್ಲು. ಇವರು ಬೇರೇನೂ ಕೇಳಲಿಲ್ಲ. ‘ಒಂದು ಹೊಸ ಸೈಕಲ್ಲು ಕೊಡ್ಸಿ, ಸಾಕು’ ಅಂದರು. ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಅಪ್ಪ ತಲೆಯಾಡಿಸಿದ. ಅವನ ತಲೆಯೊಳಗೆ ಅದಾಗಲೇ ಬೇರೆ ಲೆಕ್ಕ ಶುರುವಾಗಿತ್ತು ಎಂದು ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ.

ಅಪ್ಪನ ಹತ್ತಿರ ಒಂದು ಹಸಿರು ಬಣ್ಣದ ಸೈಕಲ್ಲಿತ್ತು. ಯುದ್ಧಕ್ಕೆ ಮುಂಚೆ ಕೊಂಡದ್ದು, ಬಿಲಾಯತಿ ಮಾಲು. ಅದರ ಮೇಲೆ ಅಪ್ಪ ಶಿರಾಳಕೊಪ್ಪದ ಸಂತೆಗೆ, ಸೊರಬಕ್ಕೆ, ಎಲ್ಲೆಲ್ಲಿಗೋ ಹೋಗಿಬಂದಿದ್ದ. ಗಾಲಿ ಸೊಟ್ಟಗಾಗಿದ್ದವು, ಸೀಟು ಹರಿದಿತ್ತು, ಪೆಡಲು ಕಿರಗುಟ್ಟುತ್ತಿತ್ತು. ಆದರೆ ಫ್ರೇಮು! ಆ ಫ್ರೇಮಿನ ಸುದ್ದಿ ಎತ್ತಿದರೆ ಅಪ್ಪನಿಗೆ ಗಿರಾಕಿ ಬಂದು ನಿಂತದ್ದೂ ಕಾಣುತ್ತಿರಲಿಲ್ಲ.

ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಅವ್ವ ಮೆತ್ತಗೆ ಮಾತು ತೆಗೆದಳು.

“ಏನ್ರೀ, ಪ್ಯಾಟ್ಯಾಗ ಹೊಸಾ ಸೈಕಲ್ ಬಂದು ನಿಂತಾವಂತ. ಒಂದು ಇಡೀ ಸೈಕಲ್ ತಂದು ನಿಲ್ಲಿಸಿಬಿಡ್ರಿ, ಪೀಡಾ ಹೋಗ್ತೈತಿ.”

“ಅವೇನು ಸೈಕಲ್ಲೇನು? ತಗಡು! ಒಂದು ಮಳಿಗಾಲ ಕಳದ್ರ ತುಕ್ಕು ತಿಂದು ಕೂರ್ತಾವು,” ಅಂದ ಅಪ್ಪ. “ನಮ್ದು ಫ್ರೇಮ್ ಐತಲ್ಲ, ಅದಕ್ಕ ಹೊಸಾ ಗಾಲಿ, ಹೊಸಾ ಚೈನು, ಹೊಸಾ ಸೀಟು ಹಾಕಿಸ್ತೀನಿ. ಸೊರಬದಾಗ ಅಂಥಾ ಸೈಕಲ್ ಇನ್ನೊಂದು ಇರಂಗಿಲ್ಲ, ನೋಡ್ತಿರು.”

“ಅಯ್ಯ ಶಿವನ! ಅಳಿಯಗ ಹಳೇದು ಕೊಡ್ತೀರೇನು? ಬೀಗರಿಗೆ ಗೊತ್ತಾದ್ರ?”

“ಗೊತ್ತಾದ್ರ ಖುಷಿ ಪಡ್ತಾರ. ತಿಳಿದವ್ರಾಗಿದ್ರ.”

ಅವ್ವ ಹಣೆ ಚಚ್ಚಿಕೊಂಡಳು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ‘ಅವ್ವಾ, ಹಾಕಿಸೂದಾದ್ರ ಹಾಕಿಸ್ಲಿ, ಆದ್ರ ಅವ್ರಿಗೆ ಮೊದಲ ಹೇಳಿಬಿಡ್ರಿ’ ಅಂದೆ. ‘ಮದಿವಿ ಹುಡುಗಿ ನೀ, ಬಾಯಿ ಮುಚ್ಚಿಕೊಂಡಿರು’ ಅಂದಳು ಅವ್ವ.

ಅಪ್ಪ ಜುಗ್ಗ ಎಂದು ನೀವು ತಿಳಿದರೆ ತಪ್ಪು. ಜುಗ್ಗನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ, ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಅವನು ಅಂಗಡಿ ಬಿಟ್ಟು ಸೈಕಲ್ ರಿಪೇರಿಯವನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಇವತ್ತು ರಿಮ್ಮು ಬಂತು, ನಾಳೆ ಕಡ್ಡಿ ಬಂದವು, ಆಮೇಲೆ ಟಯರು, ಟ್ಯೂಬು, ಹ್ಯಾಂಡಲ್ಲು, ಬ್ರೇಕು, ದೀಪ, ಬೆಲ್ಲು. ಬೆಲ್ಲನ್ನಂತೂ ಹತ್ತು ಸಲ ಹೊಡೆದು ನೋಡಿ ಆರಿಸಿದನಂತೆ. ಕೊನೆಗೆ ಅಂಗಡಿಯವನೇ ಬೇಸತ್ತು, ‘ಸಾವ್ಕಾರ್ರ, ಇಷ್ಟಕ್ಕ ಒಂದು ಹೊಸಾದೇ ಬರ್ತಿತ್ತಲ್ರೀ’ ಅಂದನಂತೆ. ‘ಹೊಸಾದ್ರಾಗ ಈ ಫ್ರೇಮ್ ಬರ್ತಿತ್ತೇನಲೇ?’ ಅಂದನಂತೆ ಅಪ್ಪ. ಇದನ್ನು ಅಪ್ಪನೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ. ಹಸಿರಿನ ಮೇಲೆ ಕಪ್ಪು ಬಣ್ಣ ಹೊಡೆಸಿ, ಬಂಗಾರದ ಗೆರೆ ಎಳೆಸಿದ. ಮದುವೆಯ ದಿನ ಹ್ಯಾಂಡಲ್ಲಿಗೆ ಹೂವಿನ ಸರ ಹಾಕಿ, ವಿಭೂತಿ ಹಚ್ಚಿ ಚಪ್ಪರದ ಕೆಳಗೆ ನಿಲ್ಲಿಸಿದರು. ಬಂದವರೆಲ್ಲ ಬೆಲ್ಲು ಹೊಡೆದು ಹೋದರು. ಮದುಮಗ ನನಗಿಂತ ಅದನ್ನೇ ಹೆಚ್ಚು ಸಲ ತಿರುಗಿ ನೋಡಿದ. ನಿಜ ಹೇಳಬೇಕೆಂದರೆ ಆಗ ನನಗೆ ನಗು ಬಂದಿತ್ತು.

ಕುಪ್ಪಗಡ್ಡೆಯ ಮನೆಯಲ್ಲಿ ಇದ್ದದ್ದು ಅತ್ತೆ, ನನ್ನ ಗಂಡ, ನಾನು. ಮಾವ ಮೊದಲೇ ತೀರಿಕೊಂಡಿದ್ದರು. ಅತ್ತೆ ಗಟ್ಟಿಗಿತ್ತಿ, ಗದ್ದೆ ಮನೆ ಎರಡನ್ನೂ ಒಬ್ಬರೇ ಆಳಿಕೊಂಡು ಬಂದವರು. ಅವರಿಗೆ ಆ ಸೈಕಲ್ಲೆಂದರೆ ಪಂಚಪ್ರಾಣ. ರಾತ್ರಿ ಅದು ನಡುಮನೆಯೊಳಗೆ ಬರಬೇಕು. ನಾನು ಮಲಗುತ್ತಿದ್ದ ಮೂಲೆ ಅದಕ್ಕಿಂತ ಹೊರಗಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಓಣಿಯ ಹೆಂಗಸರನ್ನು ಕರೆದು, ‘ಬೀಗರು ಕೈ ಬಿಚ್ಚಿ ಕೊಟ್ಟಿದಾರೆ ಕಣ್ರೇ’ ಎಂದು ತೋರಿಸುತ್ತಿದ್ದರು. ಅವರು ಹೇಳಿದಾಗಲೆಲ್ಲ ನಾನು ಕೊಡ ಎತ್ತಿಕೊಂಡು ನೀರಿಗೆ ಹೊರಟುಬಿಡುತ್ತಿದ್ದೆ.

ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ ಸೈಕಲ್ಲಿಗೆ ಕೆಸರು ಮೆತ್ತಿಕೊಂಡಿತ್ತು. ಅತ್ತೆಗೆ ತಡೆಯಲಿಲ್ಲ. ಆ ಹೆಂಗಸಿಗೆ ಹೊಳೆಯಬೇಕಾದ ವಸ್ತು ಯಾವುದೇ ಇರಲಿ, ತೊಳೆಯುವ ದಾರಿ ಒಂದೇ. ಒಲೆಯ ಬೂದಿ ತಂದರು, ತೆಂಗಿನ ನಾರು ತಂದರು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಹಿತ್ತಾಳೆ ಕೊಡವನ್ನು ತಿಕ್ಕುವಂತೆ ಫ್ರೇಮನ್ನು ತಿಕ್ಕಿದರು. ‘ಅತ್ತೆ, ಬರೀ ನೀರು ಸಾಕು’ ಎಂದು ನಾನು ಹೇಳಿದೆ. ‘ನೀನು ಸುಮ್ನಿರೇ, ನಂಗೆ ತೊಳೆಯಕ್ಕೆ ಬರಲ್ವಾ?’ ಎಂದು ಇನ್ನೂ ಜೋರಾಗಿ ತಿಕ್ಕಿದರು. ಬಂಗಾರದ ಗೆರೆ ಹೋಯಿತು. ಕಪ್ಪು ಹೋಯಿತು. ಅಂಗೈಯಗಲ ಹಸಿರು ಹೊರಗೆ ಬಂತು.

“ಅಯ್ಯೋ ದೇವ್ರೆ, ಇದೆಂತದೇ ಇದು! ಒಳಗೆ ಹಸ್ರು ಕಾಣ್ತದಲ್ಲೇ!”

ನನ್ನ ಮುಖ ನೋಡಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೇ ಹೇಳಿಬಿಡುತ್ತದೆ.

“ನಿಂಗೆ ಗೊತ್ತಿತ್ತು ಅಲ್ವನೇ? ಗೊತ್ತಿದ್ದೂ ತಿಂಗ್ಳುಗಟ್ಲೆ ನನ್ನ ಕುಣಿಸಿದ್ಯಾ, ಮಾರಾಯ್ತಿ!”

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಊರಿಗೆ ತೋರಿಸಿದವರೇ ಅವರಲ್ಲವೇ, ಅವಮಾನವೂ ಅಷ್ಟೇ ದೊಡ್ಡದಾಯಿತು. ನನ್ನ ಗಂಡ ಮಾತ್ರ ಮರುದಿನವೂ ಅದನ್ನೇ ಹತ್ತಿಕೊಂಡು ಸೊರಬಕ್ಕೆ ಹೋದ. ತಾಯಿಗೂ ಏನೂ ಹೇಳಲಿಲ್ಲ, ನನಗೂ ಏನೂ ಹೇಳಲಿಲ್ಲ. ಆ ಮನುಷ್ಯ ಮಾತಿಗೆ ಸುಂಕ ಕಟ್ಟಬೇಕೇನೋ ಎಂಬಂತಿದ್ದ.

ನಾನು ಆಷಾಢಕ್ಕೆ ಕಾಯತೊಡಗಿದೆ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಮಗಳು ತವರಿಗೆ ಬರಬೇಕು, ಬಂದವಳು ನಾಗರಪಂಚಮಿಯ ಜೋಕಾಲಿ ಆಡಿ, ಉಂಡಿ ತಿಂದು, ಆಮೇಲೆ ಗಂಡನ ಮನೆಗೆ ಹೋಗಬೇಕು. ಹದಿನೇಳರ ಹುಡುಗಿಗೆ ಬೇರೆ ಏನು ಆಸೆ ಇರುತ್ತದೆ? ನನಗೆ ಮನೆಗೆ ಹೋಗಬೇಕಿತ್ತು. ಅವ್ವನ ಪಕ್ಕ ಮಲಗಬೇಕಿತ್ತು. ಅಷ್ಟೇ.

ಅಮಾವಾಸ್ಯೆಗೆ ಮುಂಚೆ ಅಪ್ಪ ಕರೆಯಲು ಬಂದ. ನಾನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದೆ. ಅವನಿಗೆ ಕಾಲಿಗೆ ನೀರು ಕೊಟ್ಟು, ಕುಡಿಯಲು ನೀರು ಬೆಲ್ಲ ಇಟ್ಟೆ. ಅವತ್ತು ಅಂಗಡಿಗೆ ರಜೆ, ನನ್ನ ಗಂಡನೂ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಅತ್ತೆ ಒಳಗಿನಿಂದ ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಂದು ಅವನ ಎದುರಿಗೆ ನಿಲ್ಲಿಸಿದರು.

“ಇದೆಂತದು ಬೀಗರೇ?”

ಅಪ್ಪ ಬೆಲ್ಲ ಕೆಳಗಿಟ್ಟ. ತಪ್ಪಾಯಿತು ಅನ್ನುತ್ತಾನೆ, ಮಾತು ಮುಗಿಯುತ್ತದೆ ಅಂದುಕೊಂಡೆ. ಅವನು ಎದ್ದು ಹೋಗಿ ಆ ಹಸಿರು ಕಾಣುವ ಜಾಗಕ್ಕೆ ಬೆರಳಿನಿಂದ ಟಣ್ ಎಂದು ಹೊಡೆದ.

“ಸಪ್ಪಳ ಕೇಳ್ರಿ ಅವ್ವಾರ. ಬಿಲಾಯತಿ ಕಬ್ಬಿಣ ಇದು. ಉಳಿದಿದ್ದು ಎಲ್ಲಾ ಹೊಸಾದು. ಹೊಸಾ ಸೈಕಲ್ಲಿಗಿಂತ ಮೇಲಾಗಿದ್ದು ಕೊಟ್ಟೀನಿ ನಾನು.”

“ಹಳೇ ಸೀರೆಗೆ ಹೊಸ ಸೆರಗು ಹೊಲ್ದು ಮದುಮಗಳಿಗೆ ಉಡಿಸ್ತಾರನ್ರೀ ನಿಮ್ಮ ಕಡೆ?”

ಅಪ್ಪ ಆ ಹಸಿರು ಜಾಗವನ್ನು ಪಂಚೆಯ ಅಂಚಿನಿಂದ ಒರೆಸತೊಡಗಿದ. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

“ಈ ಗುಜರಿ ನೀವೇ ತಗಂಡ್ ಹೋಗಿ,” ಅಂದರು ಅತ್ತೆ. “ಹೊಸ ಸೈಕಲ್ಲು ಈ ಅಂಗಳಕ್ಕೆ ಬಂದ ದಿನ ಮಗಳನ್ನ ಕರ್ಕಂಡ್ ಹೋಗಿ.”

ಸೊರಬದಲ್ಲಿ ಸೈಕಲ್ ಅಂಗಡಿ ಇರಲಿಲ್ಲವೇ? ಇತ್ತು. ಅಪ್ಪನಿಗೆ ತಾಕತ್ತು ಇರಲಿಲ್ಲವೇ? ಇತ್ತು. ಹೋಗಿ ಸಂಜೆಯೊಳಗೆ ಒಂದನ್ನು ತಂದು ನಿಲ್ಲಿಸಿದ್ದರೆ ನಾನು ಮರುದಿನ ನನ್ನ ಮನೆಯಲ್ಲಿರುತ್ತಿದ್ದೆ. ಬಾಗಿಲ ಹಿಂದಿನಿಂದ ಅವನನ್ನೇ ನೋಡುತ್ತಿದ್ದೆ. ಅವನ ಮುಖ ಕಿವಿಯವರೆಗೂ ಕೆಂಪೇರಿತ್ತು. ಅದು ನನಗಾಗಿ ಅಂದುಕೊಂಡೆ, ಹುಚ್ಚಿ!

“ಗುಜರಿ ಅಂದ್ರಾ? ಈ ಫ್ರೇಮಿಗೆ ಗುಜರಿ ಅಂದ್ರಾ?”

ಅಷ್ಟೇ ಅಂದ. ಪಂಚೆ ಎತ್ತಿ ಕಟ್ಟಿ, ಸೈಕಲ್ ಹತ್ತಿ, ಅಂಗಳ ದಾಟಿ ಹೊರಟೇಬಿಟ್ಟ. ಅವ್ವ ಕಳಿಸಿದ್ದ ಚೀಲ ಜಗಲಿಯ ಮೇಲೆ ಹಾಗೇ ಬಿದ್ದಿತ್ತು. ಅದರಲ್ಲಿ ನನಗೊಂದು ಹಸಿರು ಕುಪ್ಪಸದ ಖಣವಿತ್ತು.

ಇನ್ನು ಶಾಸ್ತ್ರ ಏನಾಗಬೇಕು? ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲವಲ್ಲ! ಅದಕ್ಕೂ ಅತ್ತೆ ಉಪಾಯ ಮಾಡಿದರು. ನನ್ನನ್ನು ಎದುರು ಮನೆಯಲ್ಲಿದ್ದ ಅವರ ತಂಗಿಯ ಮನೆಗೆ ಕಳಿಸಿದರು. ಮಲಗುವುದು ಅಲ್ಲಿ, ಉಣ್ಣುವುದು ಅಲ್ಲಿ. ಬೆಳಗಾದರೆ ಹಿತ್ತಲ ದಾರಿಯಿಂದ ಬಂದು ಕೊಟ್ಟಿಗೆ ಬಾಚಬೇಕು, ಪಾತ್ರೆ ತೊಳೆಯಬೇಕು, ಭತ್ತ ಕುಟ್ಟಬೇಕು. ಹಿತ್ತಲಿಗೆ ಹೊಸ್ತಿಲಿರಲಿಲ್ಲ ನೋಡಿ, ಹಾಗಾಗಿ ಶಾಸ್ತ್ರ ಕೆಡಲಿಲ್ಲ. ಇಡೀ ಆಷಾಢ ಹೀಗೆ ಶಾಸ್ತ್ರೋಕ್ತವಾಗಿ ಸೆಗಣಿ ಎತ್ತಿದೆ. ಗಂಡ ಮತ್ತೆ ಸೊರಬಕ್ಕೆ ನಡೆದುಕೊಂಡು ಹೋಗುತ್ತಿದ್ದ. ಒಂದು ಸಂಜೆ ಒದ್ದೆ ಕಾಲಿನಲ್ಲಿ ಬಂದವನು ಹಿತ್ತಲಲ್ಲಿ ನನ್ನನ್ನು ಕಂಡು, ‘ನಿಮ್ಮಪ್ಪನಿಂದ ನಂಗೆ ಈ ಗತಿ’ ಅಂದ. ಮದುವೆಯಾದ ಮೇಲೆ ಅವನು ನನ್ನೊಡನೆ ಆಡಿದ ಉದ್ದನೆಯ ಮಾತು ಅದೇ ಇರಬೇಕು.

ಪಂಚಮಿ ಬಂತು, ಹೋಯಿತು. ಎದುರು ಮನೆಯವರು ನನಗೊಂದು ಎಳ್ಳುಂಡಿ ಕೊಟ್ಟರು. ನಾನು ಅದನ್ನು ದನಕ್ಕೆ ಹಾಕಿದೆ.

ಶಿಕಾರಿಪುರದಲ್ಲಿ ಅವ್ವ ಅನ್ನ ಬಿಟ್ಟು ಕೂತಳಂತೆ. ‘ನಿಮ್ಮ ಫ್ರೇಮ್ ಬೇಯಿಸಿಕೊಂಡು ತಿನ್ರಿ’ ಅಂದಳಂತೆ. ಅಂತೂ ಶ್ರಾವಣ ಮುಗಿಯುವ ಹೊತ್ತಿಗೆ ಬಸ್ಸಿನ ಮೇಲೆ ಕಟ್ಟಿಕೊಂಡು ಒಂದು ಹೊಸ ಸೈಕಲ್ಲು ಬಂತು. ಅಪ್ಪ ಬರಲಿಲ್ಲ, ಅಂಗಡಿಯ ಆಳನ್ನು ಕಳಿಸಿದ್ದ. ಅತ್ತೆ ಆರತಿ ಎತ್ತಿದರು. ಬೂದಿ ಮುಟ್ಟಿಸಬೇಡಿ ಎಂದು ಮಗನೇ ಹೇಳಿದ. ಎರಡು ದಿನ ಅದನ್ನು ಓಡಿಸಿ ಬಂದವನು, ನಾನು ಗಂಟು ಕಟ್ಟುತ್ತಿದ್ದಾಗ ಹತ್ತಿರ ಬಂದು ನಿಂತ.

“ಇದು ಭಾರ. ತುಳಿದಷ್ಟೂ ಹಿಂದಕ್ಕೇ ಎಳೀತದೆ,” ಅಂದ. “ನಿಮ್ಮಪ್ಪನ ಸೈಕಲ್ಲೇ ಚಲೋ ಇತ್ತು.”

“ಹಂಗಾದ್ರ ಅವತ್ತು ಯಾಕ ಬಾಯಿ ಬಿಡಲಿಲ್ಲ?” ಎಂದು ಕೇಳಿದೆ.

“ಅಮ್ಮ ಮಾತಾಡ್ತಿದ್ರಲ್ಲ,” ಅಂದ.

ತವರಿಗೆ ಹೋದೆ. ಪಡಸಾಲೆಯ ತೊಲೆಗೆ ಕಟ್ಟಿದ್ದ ಜೋಕಾಲಿಯ ಹಗ್ಗವನ್ನು ಬಿಚ್ಚಿ ಸುತ್ತಿಟ್ಟಿದ್ದರು. ಅವ್ವ ನನ್ನ ಒಡೆದ ಅಂಗೈ ಹಿಡಿದುಕೊಂಡು ಒಂದೇ ಸಮನೆ ಅತ್ತಳು. ಅಪ್ಪ ಅಂಗಡಿಯಿಂದ ಬಂದ. ಆ ಹಸಿರು ಫ್ರೇಮಿನ ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚುವ ಮುಂಚೆಯೇ ಕೇಳಿದ.

“ಹ್ಯಾಂಗ ಓಡ್ತೈತಿ ಅದು, ಹೊಸಾದು?”

ನನ್ನ ಸುದ್ದಿ ಕೇಳುವ ಮುಂಚೆ ಸೈಕಲ್ಲಿನ ಸುದ್ದಿ. ಆದರೂ ಮಗಳಲ್ಲವೇ, ಅವನ ಮುಖ ನೋಡಿ ಹೇಳಿಬಿಟ್ಟೆ. ಹಳೆಯದೇ ಚೆನ್ನಾಗಿತ್ತು ಎಂದು ಅಳಿಯನೇ ಅಂದ ಎಂದೆ. ಅಪ್ಪನ ಮುಖ ಹಬ್ಬದ ದೀಪದಂತೆ ಬೆಳಗಿತು. “ಕೇಳಿದ್ಯಾ? ನಾ ಹೇಳಿದ್ದಿಲ್ಲೇನು?” ಎಂದು ಅವ್ವನನ್ನು ಕೂಗಿದ. ಅವ್ವ ಕಣ್ಣೆತ್ತಿ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ಅವತ್ತು ಸೈಕಲ್ ತಂದಿ. ನನ್ನ ಯಾಕ ಬಿಟ್ಟು ಬಂದಿ?”

ಅವನು ನಿಜವಾಗಿಯೂ ಅರ್ಥವಾಗದವನಂತೆ ನನ್ನನ್ನು ನೋಡಿದ. ಪಾಪ, ಯೋಚನೆಯನ್ನೂ ಮಾಡಿದ. ಆಮೇಲೆ ತುಂಬ ಪ್ರೀತಿಯಿಂದ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ.

“ಅಲ್ಲ ಯವ್ವಾ, ನೀನು ಕೊಟ್ಟ ಹೆಣ್ಣು. ಸೈಕಲ್ ಆದ್ರ ಅವ್ರು ವಾಪಸ್ ಕೊಟ್ರಲ್ಲ.”